ಸುಂಟಿಕೊಪ್ಪದ ಏರಿನಲ್ಲಿ ಬಿಸಿಯಾಗುತ್ತಿದ್ದ ಕಾರು

ಅಪ್ಪಾ,

ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇದೆ. ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ನೀನು ನೋಡಿದ್ದರೆ ಖುಷಿಪಡುತ್ತಿದ್ದೆ, ಅವ್ವ ಮಾತ್ರ ಬೈದಳು. "ಗಿರಾಕಿ ಬಟ್ಟೆ ಮುಟ್ಟೋ ಕೈ ಕಣೆ ಅದು" ಅಂತ. ಕುಶಾಲನಗರದ ಅಂಗಡಿಯಲ್ಲಿ ಯಾರದೋ ಮದುವೆ ಬ್ಲೌಸು ತೋಳಿಲ್ಲದೆ ನೇತಾಡುತ್ತಿದೆ. ನೇತಾಡಲಿ. ನಿನ್ನ ಕಾರಿನ ಸುದ್ದಿ ನಿನಗೆ ಹೇಳದೆ ನಾನು ಹೊಲಿಗೆ ಮಷಿನ್ ಮುಂದೆ ಕೂರುವುದಿಲ್ಲ.

ಆ ಸಂತೆ ದಿನಗಳ ಬೆಳಗು ನೆನಪಿದೆಯಾ? ಹಿಂದಿನ ಸೀಟು ಕಿತ್ತು ಹಾಕಿದ ಬಿಳಿ ಕಾರು, ಅದರ ತುಂಬ ನಮ್ಮ ಹೊಲದ ಬೀನ್ಸು, ಮೂಲಂಗಿ, ಸೌತೆಕಾಯಿ ಮೂಟೆ, ಮೂಟೆಗಳ ಮೇಲೆ ನಾನು. ಅವ್ವ ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು ನಿನ್ನ ಪಕ್ಕ ಕೂತಿರುತ್ತಿದ್ದಳು. ಮಡಿಕೇರಿ ಸಂತೆಯಲ್ಲಿ ಮೆಟ್ಟಿಲ ಪಕ್ಕದ ಜಾಗ ಇನ್ಯಾರ ಪಾಲಾಗುತ್ತದೋ ಎಂದು ಅವಳಿಗೆ ದಾರಿಯುದ್ದಕ್ಕೂ ಚಡಪಡಿಕೆ. ಸುಂಟಿಕೊಪ್ಪ ದಾಟಿ, ಸಿಲ್ವರ್ ಓಕ್ ಸಾಲಿನ ಆ ತಿರುವು ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು.

"ಕಾರು ಬಿಸಿಯಾಗೋಗದೆ ಕಣೆ, ವಸಿ ನಿಲ್ಸನ" ಅನ್ನುತ್ತಿದ್ದೆ ನೀನು.

"ನಿಮ್ಮ ಕಾರಿಗಷ್ಟು ಬೆಂಕಿ ಹಾಕ! ಸಂತೆಲಿ ಜಾಗ ಹೋಯ್ತದೆ!"

ನೀನು ಬಾನೆಟ್ ಎತ್ತಿ, ದೊಡ್ಡ ಡಾಕ್ಟರ ಹಾಗೆ ಒಳಗೆ ಇಣುಕಿ, ತಲೆ ಅಲ್ಲಾಡಿಸಿ, "ಆರ್ಬೇಕು, ಆರ್ಬೇಕು" ಎಂದು ಬಂದು ಪಾಚಿಗಟ್ಟಿದ ಮೋಟುಗೋಡೆಯ ಮೇಲೆ ಕೂರುತ್ತಿದ್ದೆ. ಅವ್ವ ಬೈಯುತ್ತಲೇ ಫ್ಲಾಸ್ಕ್ ತೆಗೆಯುತ್ತಿದ್ದಳು, ಬೈಯುತ್ತಲೇ ಬೆಲ್ಲದ ಕಾಫಿ ಬಗ್ಗಿಸುತ್ತಿದ್ದಳು, ಆಮೇಲೆ ಬೈಗುಳ ಮುಗಿದು ನಿನ್ನ ಪಕ್ಕ ಕೂರುತ್ತಿದ್ದಳು. ಮನೆಯಲ್ಲಾಗಲಿ ಹೊಲದಲ್ಲಾಗಲಿ ಅವಳು ಕೂತು ಕಾಫಿ ಕುಡಿದದ್ದನ್ನು ನಾನು ಕಂಡೇ ಇಲ್ಲ. ನಿಂತೇ ಕುಡಿಯುವುದು, ಇನ್ನೊಂದು ಕೈಯಲ್ಲಿ ಏನಾದರೂ ಕೆಲಸ. ಆ ತಿರುವಿನಲ್ಲಿ ಮಾತ್ರ ಕಾರು ಆರುವ ತನಕ ಬೇರೆ ದಾರಿ ಇರಲಿಲ್ಲ, ಪಾಪ.

ಒಂದು ಸಲ ನಾನು ನೀನು ಇಬ್ಬರೇ ಮಡಿಕೇರಿಗೆ ಹೋಗಿದ್ದೆವು, ನನ್ನನ್ನು ಕಾಲೇಜಿಗೆ ಸೇರಿಸಲು. ಅದೇ ರಸ್ತೆ, ಅದೇ ಏರು, ಆದರೆ ಕಾರು ಸುಮ್ಮನೆ ಹತ್ತಿಬಿಟ್ಟಿತು. "ಇವತ್ತೇನಪ್ಪ ಬಿಸಿ ಆಗ್ಲಿಲ್ಲ?" ಅಂದೆ. "ಇವತ್ತು ಮೂಟೆ ಇಲ್ವಲ್ಲ ಮಗಾ" ಅಂದೆ ನೀನು. ನಾನೂ ನಂಬಿದೆ. ನಂಬದೆ ಏನು ಮಾಡಲಿ, ಆ ಕಾರಿನ ವಿಷಯದಲ್ಲಿ ನಿನ್ನ ಮಾತಿಗೆ ಎದುರಾಡುವವರು ಯಾರಿದ್ದರು?

ನೀನು ಹೋದ ಮೇಲೆ ಕಾರನ್ನು ನಾನು ಊರ ಸುತ್ತಮುತ್ತ ಓಡಿಸುತ್ತಿದ್ದೆ. ಗುಡ್ಡೆಹೊಸೂರಿಗೋ, ಅಂಗಡಿಗೋ, ಸಮತಟ್ಟು ರಸ್ತೆ. ಏನೂ ತೊಂದರೆ ಇರಲಿಲ್ಲ. ನಿನಗೆ ವರ್ಷದ ಎಡೆ ಇಟ್ಟದ್ದಾದ ಮೇಲೆ ಒಂದು ದಿನ ಅವ್ವ ತಾನಾಗಿಯೇ, "ನಾಳೆ ಸಂತೆಗೆ ಹೋಗನ" ಅಂದಳು. ನನಗಾದ ಸಂತೋಷ ಕೇಳಬೇಡ. ಅಷ್ಟು ದಿನ ಅವಳು ತರಕಾರಿಯನ್ನು ಇಲ್ಲೇ ಯಾರಿಗೋ ಒಪ್ಪಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆದರೆ ಸುಂಟಿಕೊಪ್ಪ ದಾಟಿ ಏರು ಹಿಡಿದ ಮೇಲೆ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಬುಸ್ಸೆಂದಿತು. ಅದೂ ಎಲ್ಲಿ? ನಿನ್ನ ತಿರುವಿನಲ್ಲೇ. ನಾನು ಗೋಡೆಯ ಕಡೆ ನೋಡಿದೆ, ಅವ್ವ ನೋಡಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ. ಎಸ್ಟೇಟ್ ಜೀಪಿನವರೊಬ್ಬರು ಹಗ್ಗ ಕಟ್ಟಿ ಸುಂಟಿಕೊಪ್ಪದವರೆಗೆ ಎಳೆದುಕೊಟ್ಟರು. ಕಾರು ಆರಿದ ಮೇಲೆ ಇಳಿಜಾರಿನಲ್ಲಿ ಮೆಲ್ಲಗೆ ಮನೆಗೆ ತಂದೆ. ಬೀನ್ಸೆಲ್ಲ ಬಾಡಿತು.

ಮನೆಗೆ ಬಂದವಳೇ ಅವ್ವ ಹೇಳಿದ್ದು ಇಷ್ಟೇ: "ಸಾಕು ಕಣೆ. ಗುಜರಿ ಹಂಸ ಕಾಕಂಗೆ ಹೇಳು, ಭಾನ್ವಾರ ಬಂದು ಎಳ್ಕಂಡೋಗ್ಲಿ. ಸಂತೆನೂ ಬೇಡ, ಕಾರೂ ಬೇಡ." ಕೋಪದಲ್ಲಿ ಹೇಳಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು, ಅದಕ್ಕೇ ಹೆದರಿದೆ. ಕಾರು ಹೋದರೆ ಅವ್ವ ಮತ್ತೆ ಆ ಬಾಗಿಲಿಗೇ ಅಂಟಿಕೊಳ್ಳುತ್ತಾಳೆ ಅನ್ನಿಸಿತು. ಭಾನುವಾರದೊಳಗೆ ಸರಿ ಮಾಡಲೇಬೇಕು ಎಂದು ಅಂಗಡಿಗೆ ಬೀಗ ಹಾಕಿ ಬಂದೆ.

"ಮೊದ್ಲು ಕೈಲಿ ಮುಟ್ಟು, ಆಮೇಲೆ ಸ್ಪ್ಯಾನರ್ ಹಿಡಿ" ಎಂದು ನೀನು ನನ್ನ ಹೊಲಿಗೆ ಮಷಿನ್ ಕೆಟ್ಟಾಗೆಲ್ಲ ಹೇಳುತ್ತಿದ್ದೆಯಲ್ಲ, ಹಾಗೇ ಶುರುಮಾಡಿದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಬಿಸಿಯಿದ್ದಾಗ ಅದನ್ನು ಮುಟ್ಟಿದರೆ ಮುಖ ಬೇಯುತ್ತದೆ ಅಂತ ನೀನು ಎಷ್ಟು ಸಲ ಹೆದರಿಸಿಲ್ಲ? ಒಳಗೆ ನೀರು ಕೆಳಗಿಳಿದಿತ್ತು. ಕೂಲೆಂಟ್ ತಂದು ತುಂಬಿಸಿದೆ. ರಾತ್ರಿಯಿಡೀ ಅಡಿಯಲ್ಲಿ ರಟ್ಟು ಹಾಸಿಟ್ಟೆ, ಬೆಳಿಗ್ಗೆ ಒಂದು ಹನಿಯ ಕಲೆಯೂ ಇರಲಿಲ್ಲ. ಸೋರುತ್ತಿಲ್ಲ. ಪೈಪುಗಳನ್ನು ಹಿಸುಕಿ ನೋಡಿದೆ, ಬಿರುಕಿಲ್ಲ. ರೇಡಿಯೇಟರಿನ ಎಳೆಗಳ ನಡುವೆ ಜೋಳದ ಹೊಟ್ಟು, ಶುಂಠಿ ಹೊಲದ ಮಣ್ಣು ಸೇರಿ ರೊಟ್ಟಿ ಕಟ್ಟಿತ್ತು. ಗಾಳಿ ಎಲ್ಲಿಂದ ಹೋಗಬೇಕು? ಇದೇ ಕಳ್ಳ ಎಂದುಕೊಂಡು ಇಂಜಿನ್ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಆಮೇಲೆ ಇಂಜಿನ್ ಶುರುಮಾಡಿ ನಿಲ್ಲಿಸಿಟ್ಟರೆ, ಮುಳ್ಳು ಮತ್ತೆ ಮೇಲಕ್ಕೇ ಹೋಯಿತು. ಅಳು ಬರುವುದೊಂದು ಬಾಕಿ.

ಥರ್ಮೋಸ್ಟಾಟ್ ಎಂಬ ಆ ಪುಟ್ಟ ವಾಲ್ವನ್ನು ನೀನು ಒಮ್ಮೆ ಬಿಸಿನೀರಲ್ಲಿ ಹಾಕಿ ಪರೀಕ್ಷೆ ಮಾಡಿದ್ದು ನೆನಪಾಯಿತು. ನೀರು ಕಾದಾಗ ಅದು ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಇಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ. ಬಿಚ್ಚಿ ತಂದು ಒಲೆಯ ಮೇಲೆ ಪಾತ್ರೆ ಇಟ್ಟೆ. ಅವಸರದಲ್ಲಿ ಯಾವ ಪಾತ್ರೆ ಅಂತ ನೋಡಲಿಲ್ಲ.

"ಅಯ್ಯೋ ಅನ್ನದ ಪಾತ್ರೆ ಕಣೆ! ಅಪ್ಪನ ಮಗಳೇ ಸೈ ನೀನು!"

ಬೈಯಲು ಬಂದವಳು ಅಲ್ಲೇ ನಿಂತಳು. ನೀರು ಕುದಿಯುವ ಹೊತ್ತಿಗೆ ಬಗ್ಗಿ ಇಣುಕಿ, "ಏ, ಬಾಯಿ ಬುಡ್ತು ನೋಡೆ!" ಅಂದಳು. ಒಂದು ವರ್ಷದ ಮೇಲೆ ಅವಳ ಗಂಟಲಲ್ಲಿ ಆ ದನಿ ಕೇಳಿದ್ದು ನಾನು. ವಾಲ್ವ್ ಚೆನ್ನಾಗಿತ್ತು. ಕಾರು ಕೆಟ್ಟೇ ಇತ್ತು. ಆದರೂ ನನಗೆ ಅರ್ಧ ಕೆಲಸ ಆದಷ್ಟು ಸಮಾಧಾನವಾಯಿತು.

ನಿನ್ನ ಹಾಗೆ ಬಾನೆಟ್ ಎತ್ತಿ ಸುಮ್ಮನೆ ನಿಂತು ನೋಡಿದ್ದು ಶನಿವಾರ. ವಾಲ್ವ್ ವಾಪಸ್ ಕೂರಿಸಿ, ಇಂಜಿನ್ ಓಡಲು ಬಿಟ್ಟು ಕಾದೆ. ಮುಳ್ಳು ಏರಿತು, ಏರಿತು... ಆಗ ಹೊಳೆಯಿತು. ರೇಡಿಯೇಟರಿನ ಹಿಂದಿನ ಫ್ಯಾನು ಯಾಕೆ ತಿರುಗುತ್ತಿಲ್ಲ? ಜೋರಾಗಿ ಓಡುವಾಗ ಎದುರು ಗಾಳಿಯೇ ಸಾಕು, ಏರಿನಲ್ಲಿ ತೆವಳುವಾಗ ಫ್ಯಾನು ಬೇಕೇ ಬೇಕು. ಇಂಜಿನ್ ಆರಿಸಿ, ಬ್ಯಾಟರಿಯಿಂದ ಎರಡು ವೈರು ಎಳೆದು ಫ್ಯಾನಿಗೆ ಕೊಟ್ಟೆ, ಗಿರ್ರೆಂದು ತಿರುಗಿತು! ಅಂದರೆ ಫ್ಯಾನು ಸರಿಯಿದೆ, ಅದಕ್ಕೆ ಕರೆಂಟೇ ಬರುತ್ತಿಲ್ಲ. ವೈರನ್ನು ಬೆರಳಿನಿಂದ ಹಿಂಬಾಲಿಸಿದೆ. ಕಾರಿನದಲ್ಲದ ಒಂದು ನೀಲಿ ವೈರು, ಡ್ಯಾಶ್‌ಬೋರ್ಡಿನ ಹಿಂದೆ ನುಗ್ಗಿ, ಸ್ಟೇರಿಂಗಿನ ಎಡಗಡೆ ಕೆಳಗೆ, ಡ್ರೈವರ್‌ನ ಎಡಮೊಣಕಾಲು ತಗಲುವ ಜಾಗದಲ್ಲಿ ಮುಗಿದಿತ್ತು. ಅಲ್ಲಿ ಕಪ್ಪು ಟೇಪು ಸುತ್ತಿದ ಸ್ವಿಚ್ಚು. ನಮ್ಮ ಬಚ್ಚಲಮನೆಯ ಲೈಟಿಗೆ ನೀನು ಹಾಕಿದ ನಮೂನೆಯದೇ. ಅದುಮಿದೆ. ಮುಂದೆ ಫ್ಯಾನು ತಿರುಗಿತು.

ಮೊದಲು ನಕ್ಕುಬಿಟ್ಟೆ. ಬಿಸಿಯಾದಾಗ ತಾನೇ ಫ್ಯಾನು ಹಾಕುವ ಸೆನ್ಸರ್ ಯಾವಾಗಲೋ ಕೆಟ್ಟಿರಬೇಕು, ನೀನು ಕೈಯಿಂದ ಹಾಕಿ ಆರಿಸುವ ಹಾಗೆ ಮಾಡಿಕೊಂಡಿದ್ದೆ. ಕೊನೆಯ ಸಲ ಮನೆಗೆ ಬಂದು ಕಾರು ನಿಲ್ಲಿಸಿದಾಗ ನೀನು ಆರಿಸಿದ್ದೆ, ಆಮೇಲೆ ಅದನ್ನು ಹಾಕುವವರು ಇರಲಿಲ್ಲ, ಅಷ್ಟೇ. ಆದರೆ ನಗು ಅರ್ಧಕ್ಕೇ ನಿಂತಿತು. ಫ್ಯಾನು ಇಷ್ಟು ಚೆನ್ನಾಗಿ ತಿರುಗುತ್ತಿದ್ದರೆ, ಪ್ರತಿ ಸಂತೆಗೂ, ಅದೇ ತಿರುವಿನಲ್ಲಿ, ಅವ್ವ ಪಕ್ಕದಲ್ಲಿ ಕೂತಿದ್ದಾಗ ಮಾತ್ರ ಅದನ್ನು ಆರಿಸುತ್ತಿದ್ದವರು...

ಅಪ್ಪಾ! ಎಂಥ ಕಳ್ಳನೋ ನೀನು!

ಅವ್ವನಿಗೆ ಹೇಗೆ ಹೇಳಲಿ ಎಂದು ಹೆದರುತ್ತಲೇ ಕರೆದು ಸ್ವಿಚ್ಚು ತೋರಿಸಿದೆ. ಬೆರಳಿನಿಂದ ಅದನ್ನು ಸವರಿದಳು.

"ಇದಾ? ಏರು ಸುರುವಾಗ್ತಿದ್ದಂಗೆ ಮೊಣಕಾಲು ಹಿಂಗೆ ಅಲ್ಲಾಡೋದು. ಟಕ್ ಅನ್ನೋದು. ಆಮೇಲೆ ಬಿಸಿಯಾಯ್ತು ಅನ್ನೋರು."

"ನಿಂಗೆ ಗೊತ್ತಿತ್ತಾ?"

"ಏನು ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಅವರೇ ಮಾಡ್ತಾರೆ ಅಂತ ಗೊತ್ತಿತ್ತು."

"ಮತ್ತೆ ಬೈತಿದ್ಯಲ್ಲ?"

"ಬೈದೆ ಇನ್ನೇನ್ ಮಾಡ್ಲಿ? ಸಂತೆ ಹೊತ್ನಲ್ಲಿ ಕೂತ್ಕಳ್ಳನ ಬನ್ನಿ ಅಂತ ನಾನೇ ಹೇಳಕಾಯ್ತದಾ?" ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತು ಅವರಿಲ್ದೆ ಅಲ್ಲೇ ಬಿಸಿಯಾಯ್ತಲ್ಲ, ನಂಗೆ ತಡ್ಕಳಕಾಗ್ಲಿಲ್ಲ ಕಣೆ. ಅದ್ಕೇ ಬೇಡ ಅಂದೆ."

ನಾವಿಬ್ಬರೂ ಅತ್ತೆವು. ಆಮೇಲೆ ನಕ್ಕೆವು, ಫ್ಯಾನು ಬೇರೆ ಆರಿಸಿರಲಿಲ್ಲ ನೋಡು, ಆ ಸದ್ದಿನಲ್ಲೇ.

ಭಾನುವಾರ ಹಂಸ ಕಾಕ ಹಗ್ಗ ಹಿಡಿದುಕೊಂಡೇ ಬಂದರು. ಅವ್ವ ಅವರನ್ನು ಕೂರಿಸಿ ಕಾಫಿ ಕೊಟ್ಟು, "ಕೊಡಲ್ಲ ಕಾಕ, ನಮ್ಮೆಜಮಾನ್ರ ಕೆಲ್ಸ ಇನ್ನೂ ಐತೆ ಅದ್ರಲ್ಲಿ" ಅಂದಳು. ಅವರಿಗೇನು ಅರ್ಥವಾಯಿತೋ, ತಲೆ ಕೆರೆದುಕೊಂಡು ಹೋದರು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನೆ ಸಂತೆಗೆ ಹೋದೆವು. ಮೂಟೆ ತುಂಬಿತ್ತು, ಸ್ವಿಚ್ಚು ಹಾಕಿದ್ದೆ, ಸುಂಟಿಕೊಪ್ಪ ದಾಟಿ ಏರು ಹತ್ತುವಾಗಲೂ ಮುಳ್ಳು ನಡುವಿನಲ್ಲೇ ನಿಂತಿತ್ತು. ನಾನು ಅದನ್ನೇ ನೋಡುತ್ತ, ನೀನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ ಎಂದುಕೊಳ್ಳುತ್ತ ಓಡಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಿಂದ ಅವ್ವನ ಕೈ ಬಂತು. ನನ್ನ ಮೊಣಕಾಲಿನ ಹತ್ತಿರ ತಡಕಾಡಿತು. ಟಕ್.

ಸಿಲ್ವರ್ ಓಕ್ ಸಾಲು ಕಾಣುವ ಹೊತ್ತಿಗೆ ಮುಳ್ಳು ಮೇಲೇರತೊಡಗಿತು.

"ಕಾರು ಬಿಸಿಯಾಗೋಗದೆ ಕಣೆ" ಅಂದಳು ಅವ್ವ, ಮುಂದಿನ ಗಾಜನ್ನೇ ನೋಡುತ್ತ. "ವಸಿ ನಿಲ್ಸು."

ನಿಲ್ಲಿಸಿದೆ. ಬಾನೆಟ್ ಎತ್ತಿ ತಲೆ ಅಲ್ಲಾಡಿಸಿದೆ. ಅವ್ವ ಗೋಡೆಯ ಮೇಲೆ ಕೂತು ಫ್ಲಾಸ್ಕ್ ಖಾಲಿಯಾಗುವ ತನಕ ಏಳಲಿಲ್ಲ. ಹೊಸ ಸೆನ್ಸರ್ ತಂದಿಟ್ಟಿದ್ದೇನೆ ಅಪ್ಪ, ಆದರೆ ಹಾಕುವುದಿಲ್ಲ. ರೇಡಿಯೇಟರ್ ತೊಳೆಯುತ್ತೇನೆ, ಕೂಲೆಂಟ್ ನೋಡಿಕೊಳ್ಳುತ್ತೇನೆ, ಮುಳ್ಳು ಕೆಂಪು ಮುಟ್ಟಲು ಬಿಡುವುದಿಲ್ಲ. ಆ ಸ್ವಿಚ್ಚನ್ನು ಮಾತ್ರ ತೆಗೆಯುವುದಿಲ್ಲ, ಮಾತು ಕೊಡುತ್ತೇನೆ.

ನಾವು ಹೋಗುವಷ್ಟರಲ್ಲಿ ಮೆಟ್ಟಿಲ ಪಕ್ಕದ ಜಾಗ ಹೋಗಿತ್ತು. ಅವ್ವ ಯಾರಿಗೂ ಬೈಯಲಿಲ್ಲ.

ನಿನ್ನ ಮಗಳು,
ಸುಮ