ಖಾಲಿ ತಟ್ಟೆ

ಮನೆಯಿಂದ
ಮಂಗಳವಾರ, ಮಧ್ಯಾಹ್ನ

ಮುದ್ದಿನ ಮಗಳೇ,

ಆರೋಗ್ಯವೇ? ಹಡಗಿನ ಅಡುಗೆಮನೆಯ ಕಾವಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ಊರಿಗೆಲ್ಲ ಬಡಿಸಿ ನೀನು ತಣ್ಣಗಾದದ್ದನ್ನು ತಿನ್ನುವವಳು, ಅದಕ್ಕೇ ಕೇಳಿದೆ. ಅಳಿಯಂದಿರು ಬಸ್ ಡಿಪೋ, ಮನೆ ಅಂತ ಓಡಾಡಿಕೊಂಡಿದ್ದಾರೆ. ನನ್ನ ಮಂಡಿಯ ಸುದ್ದಿ ಬೇಡ, ಅದು ಮಂಡಿಯ ಹಾಗೇ ಇದೆ.

ನೀನು ಫೋನಿನಲ್ಲಿ ಒಪ್ಪಿಗೆ ಕೊಟ್ಟೆಯಲ್ಲ, ಆ ಎರಡು ಸಾಕು ಇಲಿಗಳು ಬಂದು ವಾರವಾಯಿತು. ಪ್ರಾಣಿಗಳ ಆಶ್ರಯದವರು, ಇಲಿ ಒಂಟಿಯಾಗಿದ್ದರೆ ಕೊರಗುತ್ತದೆ, ಜೋಡಿಯಾಗಿಯೇ ಒಯ್ಯಬೇಕು ಎಂದರು. ತಲೆ ಕಪ್ಪಗಿರುವುದು ಮಸಿ, ದುಂಡಗಿರುವುದು ಬಟಾಣಿ. ಜೀವಮಾನವಿಡೀ ಗೋದಾಮುಗಳಲ್ಲಿ ಇಲಿ ಪಾಷಾಣ ಇಟ್ಟ ನಾನು ಈಗ ಇಲಿಗೆ ಸೌತೆಕಾಯಿ ಹೆಚ್ಚುತ್ತಿದ್ದೇನೆ, ನಗು ಬೇಕಾದರೆ. ನಿನ್ನ ಮಗಳು ಅವುಗಳಿಗೆ ದಿನವೂ ಪಾಠ ಓದಿ ಹೇಳುತ್ತಾಳೆ. ನೀನು ಹೋದ ಮೇಲೆ ಮಂಕಾಗಿದ್ದ ಮಗು ಹೀಗೆ ಬಾಯಿ ಬಿಟ್ಟಿದ್ದು ಇದೇ ಮೊದಲು.

ನಿನ್ನೆ ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ ನೋಡಿದರೆ ಗೂಡಿನ ಬಾಗಿಲು ತೆರೆದಿತ್ತು, ಮಸಿ ಇರಲಿಲ್ಲ. ಇಲಿ ಕೋಣೆಯ ನಡುವೆ ಓಡುವುದಿಲ್ಲ, ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತದೆ. ಗೋದಾಮಿನಲ್ಲಿ ಮಾಡುತ್ತಿದ್ದ ಹಾಗೆ ಗೋಡೆಯಂಚಿಗೆಲ್ಲ ಹಿಟ್ಟು ಉದುರಿಸಿ ಕಾದೆ. ಸ್ವಲ್ಪ ಹೊತ್ತಿಗೆ ಪುಟ್ಟ ಹೆಜ್ಜೆಗಳು ಮೂಡಿದವು. ಅವು ಉಗ್ರಾಣದ ಮೂಲೆಗೆ ಹೋಗಿದ್ದನ್ನು ಕಂಡು ಮಂಡಿಯನ್ನೂ ಮರೆತು ಓಡಿದೆ. ಮೋರಿ ಇಲಿಗಳ ಕಾಟ ಹೆಚ್ಚಾಗಿದೆ ಅಂತ ಹೋದ ತಿಂಗಳು ಅಲ್ಲಿ ಒಂದು ತಟ್ಟೆಯಲ್ಲಿ ಪಾಷಾಣದ ಬಿಲ್ಲೆಗಳನ್ನು ಇಟ್ಟಿದ್ದೆ. ತೆಗೆಯುವುದು ಮರೆತೇಹೋಗಿತ್ತು. ಮಸಿ ಗೋಣಿಚೀಲದ ಮೇಲೆ ಮೀಸೆ ಒರೆಸಿಕೊಳ್ಳುತ್ತ ಕೂತಿತ್ತು. ಪಕ್ಕದ ತಟ್ಟೆ ಖಾಲಿ, ಒಂದು ಚೂರೂ ಇಲ್ಲ.

ತಟ್ಟೆ ತೊಳೆಯಲು ಮೊಳೆಗೆ ತೂಗುಹಾಕಿದ್ದ ಕೈಗವಸು ತೆಗೆದರೆ ಅದರ ಮಣಿಕಟ್ಟಿಗೆ ಮಗುವಿನ ಜಡೆಯ ರಬ್ಬರ್ ಬ್ಯಾಂಡ್ ಸುತ್ತಿತ್ತು. ಎಲ್ಲದರಲ್ಲೂ ಇವಳ ಆಟ ಅಂತ ಕಿತ್ತು ಬಿಸಾಡಿದೆ. ಮಸಿಯನ್ನು ಒಯ್ದು ತೋರಿಸಿದಾಗ ಪ್ರಾಣಿಗಳ ಡಾಕ್ಟರು ಹನಿ ಔಷಧಿ ಕೊಟ್ಟು, ವಿಷ ತಿಂದಿದ್ದರೆ ಎರಡು ಮೂರು ದಿನ ಬಿಟ್ಟು ಗೊತ್ತಾಗುತ್ತದೆ, ಒಸಡು ಬಿಳಿಚಿದರೆ ಆಸೆ ಕಡಿಮೆ ಎಂದರು. ಇಲಿಗೆ ಪಾಷಾಣ ಏನು ಮಾಡುತ್ತದೆಂದು ನನಗೆ ಯಾರೂ ಹೇಳಬೇಕಿಲ್ಲ. ಮಗುವಿಗೆ ಮಾತ್ರ ಆ ಹನಿ ಶಕ್ತಿಯ ಔಷಧಿ ಅಂದಿದ್ದೇನೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಗಂಟೆಗೊಮ್ಮೆ ಮಸಿಯ ಒಸಡು ನೋಡುತ್ತಿದ್ದೇನೆ ಮಗಳೇ. ಅದು ಸತ್ತರೆ ಅವಳು ಮತ್ತೆ ಮಾತು ಬಿಡುತ್ತಾಳೆ, ಈ ಸಲ ನನ್ನ ಕೈಯಿಂದ.

ಮುಂದಿನ ಬಂದರಿನಲ್ಲಿ ಈ ಕಾಗದ ಸಿಕ್ಕಾಗ ಏನಾಗಿರುತ್ತದೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಇವಳು ಶಾಲೆಯಿಂದ ಬಂದು, ಮಸಿಯ ಬಾಯಿ ಯಾಕೆ ಅಷ್ಟು ಸಲ ನೋಡ್ತೀಯ ಎಂದು ಕೇಳಿದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವಳು ಎದ್ದುಹೋಗಿ ಹಿತ್ತಲಿನಿಂದ ನನ್ನ ಹಳೇ ಮುಚ್ಚಳದ ಡಬ್ಬಿ ತಂದಳು. ಬಿಲ್ಲೆಗಳೆಲ್ಲ ಅದರಲ್ಲಿದ್ದವು, ಒಂದನ್ನೂ ಕಚ್ಚಿರಲಿಲ್ಲ. ಇಲಿಗಳು ಬರುವ ಹಿಂದಿನ ದಿನವೇ ತೆಗೆದಿಟ್ಟಿದ್ದಳಂತೆ. "ಬರಿಗೈಲಿ ಮುಟ್ಟಬಾರದು ಅಂತ ನೀನೇ ಹೇಳಿದ್ದೆಯಲ್ಲ ಅಜ್ಜ, ಗವಸು ಹಾಕ್ಕೊಂಡೆ. ಮರೆತಿದ್ದೀಯ ಅಂದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ." ಇಲಿ ತಿಂದ ಕಡೆ ಪುಡಿ ಉದುರಿರುತ್ತದೆ. ಅದನ್ನೇ ನೋಡಿ ಸಂಬಳ ಎಣಿಸಿದವನಿಗೆ ಆ ಚೊಕ್ಕ ತಟ್ಟೆ ಕಾಣಲಿಲ್ಲ ನೋಡು. ವಿಷ ಮುಟ್ಟಿದಳೆಂದು ನೀನು ಅವಳನ್ನು ಬೈದು ಬರೆಯಬೇಡ, ಆ ಬೈಗುಳ ನನ್ನದು. ಡಬ್ಬಿ ಬೀಗದೊಳಗೆ ಹೋಯಿತು. ಗೂಡು ತೊಳೆಯಲು ಅವಳಿಗೆ ಗವಸು ಬೇಕಂತೆ, ಪುಟ್ಟ ಕೈಯಿಂದ ಜಾರುತ್ತದಂತೆ. ನಾನು ಬಿಸಾಡಿದ ರಬ್ಬರ್ ಬ್ಯಾಂಡನ್ನು ಹುಡುಕುತ್ತಿದ್ದೇನೆ.