ಅವಳು ಗುಂಡಿ ಡಬ್ಬಿ ಕೊಟ್ಟುಬಿಟ್ಟಳು

ರೀ,

ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅಡುಗೆ ಮುಚ್ಚಿಟ್ಟಿದೆ, ಉಂಡುಕೊಂಡೇ ಅಲ್ಲಿಗೆ ಬನ್ನಿ. ಫೋನ್ ಮಾಡಬೇಡಿ, ಆ ಸದ್ದಿಗೆ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ಮೆಸೇಜ್ ಹಾಕಿ.

ಹದಿನೈದು ದಿನದಿಂದ ಅವಳದು ಹಟವಿಲ್ಲ, ಕೂಗಾಟವಿಲ್ಲ. "ಬಿಡೇ, ದೊಡ್ಡವಳಾದ್ಲು" ಅಂದಿರಿ ನೀವು. "ಈಗ ಎಲ್ಲರ ಥರ ಆಗಿದ್ದಾಳೆ" ಎಂದು ಟೀಚರ್ ಖುಷಿಪಟ್ಟರು. ನನಗೆ ಮಾತ್ರ ಅನುಮಾನ. ಹದಿಮೂರು ವರ್ಷದ ಆಟಿಸಂ ಹದಿನೈದು ದಿನಕ್ಕೆ ಹೋಗುವುದುಂಟೇ? ಬಣ್ಣ ನೋಡಿ ಜೋಡಿಸಿಟ್ಟು, ನನಗೂ ಮುಟ್ಟಗೊಡದ ಅಂಗಿ ಗುಂಡಿಗಳ ಡಬ್ಬಿಯನ್ನು ನಿನ್ನೆ ಎದುರುಮನೆ ಮಗುವಿಗೆ ಕೊಟ್ಟುಬಿಟ್ಟಿದ್ದಾಳೆ. ಇನ್ನು ಬೇಡವಂತೆ.

ಬೆಳಿಗ್ಗೆ ಜಡೆ ಹಾಕುವಾಗ ನೇರವಾಗಿ ಕೇಳಿದೆ. "ಸಾಯಬೇಕು ಅನ್ನಿಸ್ತಿದೆಯಾ?"

"ಹೌದು," ಅಂದಳು. ಹಸಿವಾಗಿದೆಯಾ ಅಂದರೆ ಹೇಳುವ ಹಾಗೆ.

"ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲಮ್ಮ. ಎಲ್ಲರ ಥರ ಇರೋದು ತುಂಬಾ ಸುಸ್ತಾಗುತ್ತೆ."

ನನ್ನ ಕೈಯಲ್ಲಿ ಜಡೆ ಹಾಗೇ ಬಿಚ್ಚಿಹೋಯಿತು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ನಿಮ್ಮ ಅಂಗಡಿಗೆ ಒಯ್ದು ಬೀಗ ಹಾಕಿ. ಡಾಕ್ಟರೇ ಫೋನಿನಲ್ಲಿ ಹೇಳಿದ್ದು. ಇಂಥ ಪ್ರಶ್ನೆ ಕೇಳಿ ಅವಳ ತಲೆಗೆ ಹುಳ ಬಿಟ್ಟೆ ಎಂದು ನನ್ನ ಮೇಲೆ ರೇಗಬೇಡಿ. ಕೇಳಿದ್ದಕ್ಕೇ ಅವಳು ಹೇಳಿದ್ದು.

ಅಲ್ಲಿಗೆ ಬಂದ ಮೇಲೆ ಬೈಯಬೇಡಿ, ತಬ್ಬಿಕೊಳ್ಳಲೂ ಬೇಡಿ. ಪಕ್ಕದಲ್ಲಿ ಕೂತರೆ ಸಾಕು.

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ಅಪ್ಪ ಎಷ್ಟು ಗಂಟೆಗೆ ಬರ್ತಾರೆ?" ಎಂದು ಈಗಷ್ಟೇ ಕೇಳಿದಳು. ಎರಡೂವರೆ ಎಂದು ಹೇಳಿಬಿಟ್ಟಿದ್ದೇನೆ.

ಎರಡೂವರೆ ಅಂದರೆ ಎರಡೂವರೆಯೇ ರೀ.