ತೊಲೆಯ ಮೇಲೆ ಅಪ್ಪ ಬರೆದ ಅಂಕಿ

ಇದ್ರಿಯಾ,
ಫೆಬ್ರವರಿ 3

ಪ್ರೀತಿಯ ಯೆಲ್ಕಾ,

ನಾನು ಇಲ್ಲಿ ಚೆನ್ನಾಗಿದ್ದೇನೆ, ನೀವೆಲ್ಲ ಅಲ್ಲಿ ಹಾಗೆಯೇ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಕ್ರಿಸ್‌ಮಸ್‌ಗೆ ಮೊದಲೇ ಬಂದಿತ್ತು. ಉತ್ತರ ಬರೆಯಲು ನನಗೆ ಆರು ವಾರ ಹಿಡಿಯಿತು. ಬೈಯುವುದಿದ್ದರೆ ಬೈದುಬಿಡು. ಅದರ ಜೊತೆ ಬಂದ ಒಣ ಅಂಜೂರ ಮಾತ್ರ ಎರಡೇ ದಿನಕ್ಕೆ ಮುಗಿಯಿತು, ಆ ಕೆಲಸದಲ್ಲಿ ನಾನು ತಡ ಮಾಡಲಿಲ್ಲ.

ನೀನು ಕೇಳಿದ್ದು ಒಂದೇ ಮಾತು. "ಚಳಿಗಾಲದ ರಜೆಗೆ ಮೊಮ್ಮಗಳನ್ನ ನಿನ್ನ ಹತ್ರ ಕಳಿಸ್ತೀನಿ ಅಣ್ಣ, ಬ್ರೀನಾಗೆ ಸ್ಕೀ ಕಲಿಸು. ಈ ಪಿರಾನಿನ ಸಮುದ್ರದಲ್ಲಿ ನಾನು ಹಿಮ ಎಲ್ಲಿಂದ ತರಲಿ? ನನ್ನ ಕಾಲಂತೂ ನಿನಗೆ ಗೊತ್ತೇ ಇದೆ." ನಿನ್ನ ಕಾಲು ಮುರಿದ ದಿನದಿಂದ ನಾನೂ ಸ್ಕೀ ಮುಟ್ಟಿಲ್ಲ ಎಂದು ನಿನಗೆ ಗೊತ್ತಿದೆ. ನಲವತ್ತಮೂರು ವರ್ಷವಾಯಿತು. ಆದರೂ ಉಪ್ಪು ತರಲು ಹೇಳಿದಷ್ಟು ಸಲೀಸಾಗಿ ಕೇಳಿಬಿಟ್ಟೆ. ಆ ಕಾಗದವನ್ನು ಗಡಿಯಾರದ ಹಿಂದೆ ಇಟ್ಟು ದಿನಾ ನೋಡುತ್ತಿದ್ದೆ. ಹೂಂ ಎನ್ನುವ ಮೊದಲು ನಿನಗೆ ಹೇಳಲೇಬೇಕಾದ ಮಾತೊಂದಿದೆ. ಫೋನಿನಲ್ಲಿ ನನಗೆ ಬಾಯಿ ಬಿಡಲು ಆಗುವುದಿಲ್ಲ. ಈ ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಬಂದರೆ ಸಹಿಸಿಕೊ.

ಮೊದಲು ಸಿಹಿಸುದ್ದಿ. ನಿನ್ನ ಅಣ್ಣ, ಐವತ್ತೆಂಟನೆಯ ವಯಸ್ಸಿನಲ್ಲಿ, ಸ್ಕೀ ಪಾಠಕ್ಕೆ ಸೇರಿದ್ದಾನೆ.

ಜನವರಿಯ ಮೊದಲ ಶನಿವಾರ ಶೆಡ್ಡಿನಿಂದ ನನ್ನ ಹಳೆಯ ಸ್ಕೀಗಳನ್ನು ಇಳಿಸಿ, ಧೂಳು ಒರೆಸಿ, ಹೆಗಲ ಮೇಲೆ ಹೊತ್ತು ಗುಡ್ಡಕ್ಕೆ ಹೋದೆ. ದೊಡ್ಡವರ ತರಗತಿಯಲ್ಲಿ ಐದು ಜನ. ಅದರಲ್ಲಿ ಅಂಚೆ ಕಚೇರಿಯ ಸ್ಲಾವ್ಕಾ ಇರಬೇಕೆ? ಅವಳ ಬಾಯಿ ನಿನಗೆ ಗೊತ್ತಲ್ಲ. "ಏನು ವಿಂಕೊ, ಎರಡು ಮೀಟರ್ ಹಲಗೆ ಹೊತ್ತು ತಂದಿದ್ದೀಯ, ಇಲ್ಲಿ ಬೇಲಿ ಹಾಕೋಕೆ ಬಂದ್ಯಾ?" ಎಂದಳು. ಈಗಿನ ಸ್ಕೀಗಳು ನನ್ನ ಗಲ್ಲದವರೆಗೂ ಬರುವುದಿಲ್ಲ. ಕಲಿಸುವವಳು ಉರ್ಷಾ ಎಂಬ ಹುಡುಗಿ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬಹುದು. ನಗು ತಡೆದುಕೊಂಡು ನನ್ನ ಹಲಗೆಗಳನ್ನು ಗೋಡೆಗೆ ಒರಗಿಸಿ, ಬಾಡಿಗೆಯ ಜೋಡಿಯೊಂದನ್ನು ತಂದುಕೊಟ್ಟಳು.

ನಾವು ಕಲಿತದ್ದೆಲ್ಲ ಈಗ ತಪ್ಪಂತೆ, ಯೆಲ್ಕಾ. ಮಂಡಿಗಳನ್ನು ಅಂಟಿಸಿಕೊಂಡು ಇಳಿಯಬೇಕೆಂದು ಅಪ್ಪ ನಮ್ಮ ಮಂಡಿಗಳ ನಡುವೆ ಕೈಗವಸು ಇಟ್ಟು ಅಭ್ಯಾಸ ಮಾಡಿಸುತ್ತಿದ್ದನಲ್ಲ? ಉರ್ಷಾ ನನ್ನ ನಿಲುವು ನೋಡಿ, "ವಿಂಕೊ ಅವರೇ, ಕಾಲು ಅಗಲ ಮಾಡಿ. ಬಾತ್‌ರೂಮಿಗೆ ಅವಸರ ಆದೋರ ಥರ ಯಾಕೆ ನಿಂತಿದ್ದೀರಿ? ಯಾರು ಕಲಿಸಿದ್ದು ನಿಮಗೆ?" ಎಂದಳು. "ನಮ್ಮಪ್ಪ" ಎಂದೆ. "ಹಾಗಾದ್ರೆ ಚೆನ್ನಾಗೇ ಕಲಿಸಿದ್ದಾರೆ, ಇಷ್ಟು ವರ್ಷ ಆದ್ಮೇಲೂ ಬಿಟ್ಟಿಲ್ಲ ನೋಡಿ," ಎಂದಳು. ಆ ಹುಡುಗಿಗೆ ಒಳ್ಳೆಯದಾಗಲಿ. ವೇಗ ತಗ್ಗಿಸಲು ಸ್ಕೀಗಳ ಮುಂದಿನ ತುದಿ ಕೂಡಿಸುವುದನ್ನು ನಾವು ನೇಗಿಲು ಎನ್ನುತ್ತಿದ್ದೆವು. ಈಗಿನ ಮಕ್ಕಳು ಪಿಜ್ಜಾ ಎನ್ನುತ್ತಾರೆ. ಬ್ರೀನಾಳ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಅದನ್ನೂ ಬಾಯಿಪಾಠ ಮಾಡಿದ್ದೇನೆ.

ಆದರೆ ಅದಕ್ಕೂ ಮೊದಲು, ಬಾಡಿಗೆಗೆ ಸ್ಕೀ ಕೊಡುವ ಕೌಂಟರಿನ ಹತ್ತಿರ, ಉರ್ಷಾ ನನ್ನ ತೂಕ, ವಯಸ್ಸು, ಬೂಟಿನ ಅಳತೆ ಕೇಳಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದಳು. ಬೂಟನ್ನು ಹಿಡಿದುಕೊಳ್ಳುವ ಕೊಂಡಿಯ ಸ್ಕ್ರೂ ತಿರುಗಿಸುತ್ತಾ, "ಬಿದ್ದಾಗ ಸ್ಕೀ ಬಿಟ್ಕೋಬೇಕು. ಬಿಟ್ಕೊಳ್ಳದೇ ಇದ್ರೆ ಅದು ತಿರುಗಿದ ಕಡೆಗೆಲ್ಲ ಕಾಲೂ ತಿರುಗುತ್ತೆ," ಎಂದಳು. ನನಗೆ ಬೆಂಚಿನ ಮೇಲೆ ಕೂತುಕೊಳ್ಳಬೇಕಾಯಿತು. ಸ್ಲಾವ್ಕಾ ತನ್ನ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು.

ನಿನಗೂ ನೆನಪಿರಬೇಕು. ಪ್ರತಿ ಡಿಸೆಂಬರಿನಲ್ಲಿ ಅಪ್ಪ ನಮ್ಮಿಬ್ಬರನ್ನು ಆಲೂಗಡ್ಡೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ, ತೂಕವನ್ನೂ ಸ್ಕ್ರೂ ಎಷ್ಟಕ್ಕಿರಬೇಕು ಎಂಬ ಅಂಕಿಯನ್ನೂ ಶೆಡ್ಡಿನ ತೊಲೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಕೊನೆಯ ಸಾಲುಗಳು ಇವತ್ತಿಗೂ ಅಳಿಸಿಲ್ಲ. ಯೆಲ್ಕಾ, ಮೂವತ್ತೊಂದು ಕಿಲೋ, ಎರಡು. ವಿಂಕೊ, ಐವತ್ತೆಂಟು ಕಿಲೋ, ಐದು. ನೀನು ಬಿದ್ದ ದಿನ ಸಂಜೆ ಅಪ್ಪ ನಿನ್ನ ಸ್ಕೀ ತಿರುಗಿಸಿ ನೋಡಿದಾಗ ಸ್ಕ್ರೂ ಐದರಲ್ಲಿತ್ತು, ನನ್ನ ತೂಕಕ್ಕೆ ಇಡುವಷ್ಟು ಬಿಗಿಯಾಗಿ. "ಸಾಲು ತಪ್ಪಿ ಓದಿದೆ. ಗಣಿಯ ಕತ್ತಲೆ ನನ್ನ ಕಣ್ಣು ತಿಂದುಹಾಕ್ತು," ಎಂದು ಸಾಯುವವರೆಗೂ ಹೇಳಿದ. ಗುಡ್ಡದ ಕಡೆ ಮತ್ತೆ ತಲೆ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ನಿನ್ನ ಕೈ ಹಿಡಿದು ಕ್ಷಮೆ ಕೇಳಿದಾಗ ನೀನು, "ಬಿಡಪ್ಪ, ಅದನ್ನ ಯಾವತ್ತೋ ಮರೆತೆ," ಎಂದೆ. ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ.

ಮೂರನೆಯ ಪಾಠದ ದಿನ ಬಿದ್ದೆ. ತಿರುವಿನಲ್ಲಿ ಒಂದು ಸ್ಕೀ ಹಿಮಕ್ಕೆ ಚುಚ್ಚಿಕೊಂಡಿತು, ನಾನು ಇನ್ನೊಂದು ಕಡೆಗೆ ಉರುಳಿದೆ. ಟಕ್ ಎಂದು ಸದ್ದಾಯಿತು, ಸ್ಕೀ ಕಳಚಿ ಕೆಳಗೆ ಜಾರಿತು. ಅಂಗಾತ ಮಲಗಿ ಕಾಲು ಅಲ್ಲಾಡಿಸಿದೆ, ಅಲ್ಲಾಡಿತು. ಆಗ ಅಳು ಬಂತು. ಉರ್ಷಾ ಓಡಿಬಂದು, "ನೋವಾಯ್ತಾ?" ಎಂದಳು. "ಏನೂ ಆಗಿಲ್ಲಮ್ಮ," ಎಂದೆ. "ಏನೂ ಆಗದೇ ಇರೋದಕ್ಕೆ ಯಾರಾದ್ರೂ ಅಳ್ತಾರಾ?" ಎಂದು ಕನ್ನಡಕದ ಹಿಮ ಒರೆಸಿಕೊಟ್ಟಳು. ಅಳುತ್ತಾರೆ, ಯೆಲ್ಕಾ. ಹನ್ನೊಂದರ ಹುಡುಗಿಯೊಬ್ಬಳಿಗೂ ಅವತ್ತು ಅಷ್ಟೇ ಆಗಬೇಕಿತ್ತು.

ಈಗ ದೊಡ್ಡ ಇಳಿಜಾರನ್ನೂ ಬೀಳದೆ ಇಳಿಯುತ್ತೇನೆ. ನಿನ್ನೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಂದಾಗ ಕೆನ್ನೆ ಉರಿಯಿತು, ಹದಿನೈದರ ಹುಡುಗನಂತೆ ಕೂಗಿಬಿಟ್ಟೆ. ಆಮೇಲೆ ಸ್ಲಾವ್ಕಾ ಎಲ್ಲರಿಗೂ ಹಬ್ಬಕ್ಕೆಂದು ಎಣ್ಣೆಯಲ್ಲಿ ಕರಿದ ಸಿಹಿ ಬನ್ನು, ಕ್ರೋಫ್, ಹಂಚಿದಳು, ನನ್ನ ಮೀಸೆಗೆಲ್ಲ ಸಕ್ಕರೆ ಪುಡಿ. ಇಷ್ಟು ಸುಖವನ್ನು ನನಗೆ ನಾನೇ ಬೇಡವೆಂದು ದೂರ ಇಟ್ಟಿದ್ದೆ. ನೀನು ಕೇಳದಿದ್ದರೆ ಹಾಗೆಯೇ ಸಾಯುತ್ತಿದ್ದೆ. ನೀನು ನನಗೆ ಮಾಡಿದ ಉಪಕಾರ ದೊಡ್ಡದು, ತಂಗಿ. ಅದನ್ನು ಬಾಯಿಬಿಟ್ಟು ಹೇಳದೆ ಇರಲಾರೆ.

ಗಾಳಿ ಜೋರಿದ್ದಾಗ ಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊ. ನಿನ್ನ ಅಡುಗೆಮನೆ ಬೆಚ್ಚಗಿರಲಿ, ಮೊಮ್ಮಗಳ ನಗು ಅದರಲ್ಲಿ ತುಂಬಿರಲಿ, ಈ ಚಳಿ ನಿನ್ನ ಮೂಳೆಗಳನ್ನು ನೋಯಿಸದೆ ದಾಟಿಹೋಗಲಿ.

ನಿನ್ನ ಅಣ್ಣ,
ವಿಂಕೊ

ತಾ.ಕ. ಸಹಿ ಮಾಡಿದೆ, ಆದರೂ ಹೇಳಲಿಲ್ಲ ನೋಡು. ಅಪ್ಪ ಸಾಲು ತಪ್ಪಿ ಓದಿರಲಿಲ್ಲ. ಎರಡಕ್ಕೇ ಇಟ್ಟಿದ್ದ. ನೀನು ಬಿದ್ದ ದಿನದ ಹಿಂದಿನ ಭಾನುವಾರ ನಿನ್ನ ಸ್ಕೀ ಮೂರು ಸಲ ಕಳಚಿತ್ತು, ಮೂರು ಸಲವೂ ನಾನು ಗುಡ್ಡ ಹತ್ತಿ ಬಂದು ಹಾಕಿಕೊಟ್ಟಿದ್ದೆ, ಗೆಳೆಯರು ನನ್ನನ್ನು ಆಯಾ ಎಂದು ಆಡಿಕೊಂಡರು. ಶನಿವಾರ ಅಪ್ಪ ಸ್ಕೀಗಳಿಗೆ ಮೇಣ ಹಚ್ಚಿ ಊಟಕ್ಕೆ ಹೋದಾಗ ನಾನು ಶೆಡ್ಡಿಗೆ ಹೋಗಿ ನಿನ್ನ ಸ್ಕ್ರೂವನ್ನು ಐದಕ್ಕೆ ತಿರುಗಿಸಿದೆ. ಮತ್ತೆ ನಗೆಪಾಟಲಾಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅಪ್ಪ ನಿನ್ನ ಕೈ ಹಿಡಿದು ಕ್ಷಮೆ ಕೇಳಿದ್ದು ನನ್ನ ತಪ್ಪಿಗೆ, ನಾನು ಅದನ್ನು ನೋಡುತ್ತಾ ನಿಂತಿದ್ದೆ. ಅವನಿಗೆ ಹೇಳಲು ಇನ್ನು ಆಗುವುದಿಲ್ಲ.

ಬ್ರೀನಾ ಬಂದರೆ ಸ್ಕ್ರೂ ಉರ್ಷಾಳೇ ತಿರುಗಿಸುತ್ತಾಳೆ, ನಾನು ಮುಟ್ಟುವುದಿಲ್ಲ. ಇದನ್ನು ಓದಿದ ಮೇಲೂ ಅವಳನ್ನು ಕಳಿಸುವ ಮನಸ್ಸಿದ್ದರೆ ಬೇರೇನೂ ಬರೆಯುವುದು ಬೇಡ. ಅವಳ ತೂಕ ಎಷ್ಟು ಎಂದಷ್ಟೇ ಬರೆ.